ಪೂಲ್ ಇದ್ದಾಗ, ಪೂಲ್ ಹೋದಮೇಲೆ

ನಮ್ಮಪ್ಪನ ಕಾಲದಲ್ಲಿ ಸಕಲೇಶಪುರದ ಕಡೆ ಕಾಫಿಗೆ ಒಬ್ಬನೇ ಗಿರಾಕಿ: ಕಾಫಿ ಬೋರ್ಡು. ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿ ಬೆಳೆಗಾರರು ಕಂಗಾಲಾಗಿದ್ದಾಗ ಬಂದ ಏರ್ಪಾಡು ಅದು; 1942ರ ಕಾಯ್ದೆ ಅದನ್ನು ಗಟ್ಟಿ ಮಾಡಿತು. ಮನೆಖರ್ಚಿಗೆ, ಬೀಜಕ್ಕೆ ಒಂದಿಷ್ಟು ಬಿಟ್ಟು ಉಳಿದದ್ದೆಲ್ಲ ಪೂಲಿಗೆ, ಅಂದರೆ ಎಲ್ಲರ ಕಾಫಿಯನ್ನೂ ಒಟ್ಟುಮಾಡಿ ಬೋರ್ಡೇ ಮಾರುವ ದಾಸ್ತಾನಿಗೆ. ತೂಕ, ದರ್ಜೆ ನೋಡಿ ಪಾಯಿಂಟು ಹಾಕುತ್ತಿದ್ದರು; ಅದರ ಮೇಲೆ ನಮ್ಮ ಪಾಲಿನ ಹಣ. ದುಡ್ಡು ಮಾತ್ರ ಕಂತಿನಲ್ಲಿ. ಕೊನೇ ಕಂತು ಕೈಸೇರುವ ಹೊತ್ತಿಗೆ ಮುಂದಿನ ಬೆಳೆ ಕಣದಲ್ಲಿ ಒಣಗುತ್ತಿರುತ್ತಿತ್ತು. ಆಳುಗಳ ಬಟವಾಡೆಗೆ ಅಪ್ಪ ಸಾಲ ತರುತ್ತಿದ್ದರು. ಆ ಬಡ್ಡಿ ಯಾವ ಪಾಯಿಂಟಿನಲ್ಲೂ ಲೆಕ್ಕಕ್ಕೆ ಬರುತ್ತಿರಲಿಲ್ಲ. ಆ ಕಾಲವೇ ಚೆನ್ನಾಗಿತ್ತು ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಇಂಥ ಸರ್ಕಾರಿ ನಿಯಂತ್ರಣಗಳು ಬೇಡ ಎಂದು 1955ರಲ್ಲೇ ಬರೆದವರು ಅರ್ಥಶಾಸ್ತ್ರಜ್ಞ ಬಿ.ಆರ್. ಶೆಣೈ. ಎರಡನೇ ಪಂಚವಾರ್ಷಿಕ ಯೋಜನೆಯ ಅರ್ಥಶಾಸ್ತ್ರಜ್ಞರ ಸಮಿತಿಯಲ್ಲಿ ಭಿನ್ನಮತದ ಟಿಪ್ಪಣಿ ಕೊಟ್ಟದ್ದು ಅವರೊಬ್ಬರೇ. ಕೃಷಿ ಉತ್ಪನ್ನಗಳ ಬೆಂಬಲ ಬೆಲೆಯೂ ಅವರಿಗೆ ಒಪ್ಪಿಗೆಯಾಗಿರಲಿಲ್ಲ.

1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ರಫ್ತು ಕೋಟಾ ಮುರಿದುಬಿತ್ತು. 1991ರಲ್ಲಿ ನಮ್ಮ ದೊಡ್ಡ ಗಿರಾಕಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಮರುವರ್ಷದಿಂದ ಸ್ವಲ್ಪಸ್ವಲ್ಪವೇ ಮಾರಿಕೊಳ್ಳಲು ಬಿಟ್ಟು, 1996ಕ್ಕೆ ಪೂಲನ್ನೇ ಮುಗಿಸಿದರು. ವ್ಯಾಪಾರಿ ಕಣಕ್ಕೇ ಬಂದ. ಮುಷ್ಟಿ ಕಾಫಿಯನ್ನು ತೇವಾಂಶ ಮೀಟರಿಗೆ ಸುರಿದ, ಔಟ್‌ಟರ್ನ್ (ಸಿಪ್ಪೆ ತೆಗೆದ ಮೇಲೆ ಸಿಗುವ ಬೀಜದ ಪ್ರಮಾಣ) ಲೆಕ್ಕ ಹಾಕಿದ, ದರ ಹೇಳಿದ, ಅಲ್ಲೇ ನೋಟು ಎಣಿಸಿದ. ಅಪ್ಪನ ಸಾಲ ತೀರಿದ್ದು ಆಗ. ಶೆಣೈ ಹೇಳಿದ್ದು ಸರಿಯಿತ್ತು ಅನ್ನಿಸಿದ ದಿನಗಳವು.

ಆಮೇಲೆ ವಿಯೆಟ್ನಾಂನ ರೋಬಸ್ಟಾ ಜಗತ್ತಿನ ಮಾರುಕಟ್ಟೆಗೆ ನುಗ್ಗಿತು. ಅಂತರರಾಷ್ಟ್ರೀಯ ಕಾಫಿ ಸಂಸ್ಥೆಯ ಸರಾಸರಿ ಬೆಲೆ 1997ರಲ್ಲಿ ಪೌಂಡಿಗೆ 130 ಸೆಂಟ್ ದಾಟಿದ್ದು, 2001ರಲ್ಲಿ 45ರ ಆಸುಪಾಸಿಗೆ ಬಿತ್ತು. ದಾಸ್ತಾನು ಇಟ್ಟುಕೊಳ್ಳಬಲ್ಲ ದೊಡ್ಡ ಎಸ್ಟೇಟುಗಳು ಹೇಗೋ ತಡೆದುಕೊಂಡವು. ಎರಡು ಮೂರು ಎಕರೆಯವರಿಗೆ ಕೊಯ್ಲಿನ ಕೂಲಿಯೂ ಗಿಟ್ಟಲಿಲ್ಲ. ಕೇಂದ್ರ ಸರ್ಕಾರ ಬೆಲೆ ಸ್ಥಿರೀಕರಣ ನಿಧಿ ತಂದದ್ದು 2003ರಲ್ಲಿ, ಬೆಲೆ ಬಿದ್ದು ವರ್ಷಗಳಾದ ಮೇಲೆ.

ಈಗ ನ್ಯೂಯಾರ್ಕಿನ ದರ ಬೆಳಿಗ್ಗೆಯೇ ಫೋನಿಗೆ ಬರುತ್ತದೆ. 2025ರ ಫೆಬ್ರುವರಿಯಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರ್ ದಾಟಿತು. ಮೂಟೆ ಹಿಡಿದಿಡುವ ಕೆಲಸಕ್ಕೆ ಸರ್ಕಾರ ಮತ್ತೆ ಬರುವುದು ಬೇಡವೇ ಬೇಡ. ಆದರೆ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ ಮಾಡುವಂಥ ತಳಿಯ ಕೆಲಸಕ್ಕೆ ಯಾವ ವ್ಯಾಪಾರಿಯೂ ದುಡ್ಡು ಹಾಕುವುದಿಲ್ಲ. ಬೆಲೆ ಬಿದ್ದ ವರ್ಷ ಸಣ್ಣ ಬೆಳೆಗಾರನ ಕೈಹಿಡಿಯುವುದೂ ಅವನ ಕೆಲಸವಲ್ಲ. ಅದಕ್ಕೆ ಬೇಕಾದ ನಿಧಿಯನ್ನು ದರ ಚೆನ್ನಾಗಿರುವಾಗಲೇ ಕಟ್ಟಬೇಕು. ಬೆಳೆಗಾರರ ಸಂಘಗಳು ಮೊದಲು ತಮ್ಮ ಪಾಲು ಹಾಕಿ, ಆಮೇಲೆ ಸರ್ಕಾರವನ್ನು ಕೇಳಲಿ.