ಫಿಲಡೆಲ್ಫಿಯಾದ ಅಣ್ಣ, ಆಫ್ರಿಕದ ತಮ್ಮ

ಓದಿಗೋ ಕೆಲಸಕ್ಕೋ ಅಮೆರಿಕಕ್ಕೆ ಹೋಗುವವರು ನಿಮ್ಮಲ್ಲಿ ಅನೇಕರು. ಹೋದವರೆಲ್ಲ ನಯಾಗರಾ ನೋಡಿಯೇ ಬರುತ್ತಾರೆ. ನೀವೂ ನೋಡಿ, ಬೇಡವೆನ್ನುವುದಿಲ್ಲ. ಆದರೆ ಕಾರು ಎಂದರೆ ಕಣ್ಣರಳಿಸುವವರಾದರೆ ಫಿಲಡೆಲ್ಫಿಯಾಕ್ಕೆ ಅರ್ಧ ದಿನ ಉಳಿಸಿಕೊಳ್ಳಿ. ವಿಮಾನ ನಿಲ್ದಾಣದಿಂದ ತುಸುವೇ ದೂರದಲ್ಲಿ ಸಿಮಿಯೋನ್ ಮ್ಯೂಸಿಯಂ ಇದೆ. ಫ್ರೆಡ್ ಸಿಮಿಯೋನ್ ಎಂಬ ಮೆದುಳಿನ ಶಸ್ತ್ರವೈದ್ಯರು ಜೀವಮಾನವಿಡೀ ಕೂಡಿಸಿದ ರೇಸ್ ಕಾರುಗಳನ್ನು 2008ರಲ್ಲಿ ಇಲ್ಲಿ ಜನರಿಗೆ ತೆರೆದಿಟ್ಟರು. ಅವರು 2022ರಲ್ಲಿ ತೀರಿಕೊಂಡರು.

ಅಲ್ಲಿ ನೀವು ಹುಡುಕಬೇಕಾದದ್ದು ಬಿಳಿ ಪಟ್ಟೆಯ ಒಂದು ನೀಲಿ ಕಾರನ್ನು: ಶೆಲ್ಬಿ ಕೋಬ್ರಾ ಡೇಟೋನಾ ಕೂಪ್, ಚಾಸಿಸ್ ನಂಬರು ಸಿಎಸ್‌ಎಕ್ಸ್ 2287. ಇಂಗ್ಲೆಂಡಿನ ಎ.ಸಿ. ಕಂಪನಿಯ ಹಗುರ ಕಾರಿಗೆ ಫೋರ್ಡಿನ ವಿ-8 ಎಂಜಿನ್ ಕೂರಿಸಿ ಕ್ಯಾರೊಲ್ ಶೆಲ್ಬಿ ಮಾಡಿದ ತೆರೆದ ಕಾರೇ ಕೋಬ್ರಾ. ಶಕ್ತಿಗೇನೂ ಕಡಿಮೆಯಿಲ್ಲ, ಆದರೆ ಫ್ರಾನ್ಸಿನ ಲೆ ಮಾನ್ಸ್‌ನ ಉದ್ದನೆಯ ನೇರ ರಸ್ತೆಯಲ್ಲಿ ಗಾಳಿಯೇ ಅದನ್ನು ತಡೆಯುತ್ತಿತ್ತು, ಫೆರಾರಿ ಮುಂದೆ ಹೋಗಿಬಿಡುತ್ತಿತ್ತು. ಆಗಿನ್ನೂ ಮೂವತ್ತು ದಾಟದ ಪೀಟರ್ ಬ್ರಾಕ್ ಅದೇ ಚಾಸಿಸ್ಸಿಗೆ ಮುಚ್ಚಿದ ಮೈ ಹೊದಿಸಿ, ಬಾಲವನ್ನು ಕತ್ತರಿಸಿದ ಹಾಗೆ ಮೊಟಕು ಮಾಡಿದರು. ವರ್ಕ್‌ಶಾಪಿನವರೇ ಹಲವರು ನಂಬಲಿಲ್ಲ. 1964–65ರಲ್ಲಿ ತಯಾರಾದದ್ದು ಆರೇ ಆರು. ಮೊದಲನೆಯದು ಈ 2287. 1965ರ ಜುಲೈ 4ರಂದು, ಅಮೆರಿಕದ ಸ್ವಾತಂತ್ರ್ಯ ದಿನವೇ, ಫ್ರಾನ್ಸಿನ ರೀಮ್ಸ್‌ನಲ್ಲಿ ಜಿ.ಟಿ. ಚಾಂಪಿಯನ್‌ಶಿಪ್ ಶೆಲ್ಬಿ ತಂಡದ ಪಾಲಾಯಿತು.

ಜಗತ್ತಿನಲ್ಲಿ ಆರೇ ಇರುವ ವಸ್ತು ಹಣವಿದ್ದವರಿಗೂ ಸಿಗುವುದಿಲ್ಲ. ಹಾಗಾಗಿ ಹುಟ್ಟಿದ್ದು 'ಕಂಟಿನ್ಯುಯೇಷನ್' ಕಾರು, ಅಂದರೆ ಮೂಲ ಕಂಪನಿಯ ಒಪ್ಪಿಗೆಯಿಂದಲೇ ಹೊಸದಾಗಿ ಕಟ್ಟಿದ್ದು. ದಕ್ಷಿಣ ಆಫ್ರಿಕದಲ್ಲಿ, 2021ರ ತನಕ ಪೋರ್ಟ್ ಎಲಿಜಬೆತ್ ಎನಿಸಿದ್ದ ಬಂದರಿನ ಊರಲ್ಲಿ, ಹೈ-ಟೆಕ್ ಎಂಬ ಕಾರ್ಖಾನೆ ಸೂಪರ್‌ಫಾರ್ಮೆನ್ಸ್‌ಗಾಗಿ ಇಂಥ ಕೂಪ್‌ಗಳನ್ನು ಕಟ್ಟಿದೆ. ಎಂಜಿನ್ ಇಲ್ಲದೆ ಅಮೆರಿಕಕ್ಕೆ ಕಳಿಸುತ್ತಾರೆ, ಅಲ್ಲಿ ಕೂರಿಸುತ್ತಾರೆ. ಇದಕ್ಕೂ ಬ್ರಾಕ್ ಅವರದೇ ವಿನ್ಯಾಸ. ನೋಡಲು ಅಣ್ಣನ ಪಡಿಯಚ್ಚು, ಅಳತೆ ಹಿಡಿದರೆ ಅಲ್ಲ! ಎತ್ತರದವರೂ ಕೂರಲೆಂದು ಒಳಗೆ ಜಾಗ ಹಿಗ್ಗಿಸಿದ್ದಾರೆ. ಅಲ್ಯೂಮಿನಿಯಂ ಬದಲು ಫೈಬರ್‌ಗ್ಲಾಸ್. ಬೇಕಾದರೆ ಏರ್ ಕಂಡೀಷನ್ ಕೂಡ. ಹಳೆಯದರೊಳಗೆ ಚಾಲಕರು ಬೆಂದುಹೋಗುತ್ತಿದ್ದರು.

ನಕಲಿ ಎಂದು ಮೂಗು ಮುರಿಯಬೇಡಿ. ತಾನು ಹುಟ್ಟಿದ ವರ್ಷವನ್ನು ಮುಚ್ಚಿಡದ ಕಾರು ಯಾರಿಗೂ ಮೋಸ ಮಾಡುವುದಿಲ್ಲ. ಗೀರು ಬಿದ್ದೀತೆಂಬ ಅಂಜಿಕೆಯಿಲ್ಲದೆ ಓಡಿಸಲೂಬಹುದು. ನನ್ನ ತಕರಾರು ಬೇರೆಯವರ ಮೇಲೆ: ಅಸಲಿ ಕಾರಿಗೇ ಹೊಸ ತಗಡು, ಹೊಸ ಬಣ್ಣ ಹಾಕಿ ನಕಲಿಗಿಂತ ಹೊಸದಾಗಿಸುವವರಿದ್ದಾರಲ್ಲ, ಅವರ ಮೇಲೆ. ಸಿಮಿಯೋನ್ ಆ ದಾರಿ ಹಿಡಿಯಲಿಲ್ಲ. ರೇಸಿನಲ್ಲಿ ಸವೆದ ಮೈಯನ್ನು ಸವೆದಂತೆಯೇ ಕಾಪಾಡಿದರು. 2014ರಲ್ಲಿ, ಹಳೆಯ ಸೇತುವೆ-ಕಟ್ಟಡಗಳನ್ನು ಅಳೆದು ಬರೆದಿಡುವ ಸರ್ಕಾರಿ ದಾಖಲೆಗೆ ಸೇರಿದ ಮೊದಲ ಕಾರು ಇದೇ ಆಯಿತು. ಸವೆದದ್ದನ್ನು ಸರಿಪಡಿಸಿಬಿಟ್ಟಿದ್ದರೆ ಅಳೆಯಲು ಏನಿರುತ್ತಿತ್ತು?

ಕೆಲವು ಶನಿವಾರಗಳಲ್ಲಿ ಮ್ಯೂಸಿಯಂನ ಹಿಂದಿನ ಬಯಲಿನಲ್ಲಿ ಕಾರುಗಳನ್ನು ಓಡಿಸಿ ತೋರಿಸುತ್ತಾರೆ. ದಿನ ವಿಚಾರಿಸಿಕೊಂಡೇ ಹೊರಡಿ.