ಅಣ್ಣ ಕಳಿಸಿದ ವಿಮಾನ

ನಮ್ಮ ಕಡೆ ನಾಗರ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ಆದರೆ ಮದುವೆಯಾದವಳು ತಾನಾಗಿ ತವರಿಗೆ ಹೊರಡುವ ಹಾಗಿಲ್ಲ, ಅಣ್ಣನೋ ತಮ್ಮನೋ ಬಂದು ಕರೆದುಕೊಂಡು ಹೋಗಬೇಕು. ನನ್ನ ತವರು ಗುಲ್ಬರ್ಗ. 2014ರಿಂದ ಕಲಬುರಗಿ ಅನ್ನುತ್ತಾರೆ, ನನ್ನ ಬಾಯಿಗೆ ಮಾತ್ರ ಹಳೆಯ ಹೆಸರೇ ಬರುತ್ತದೆ. ಕೊಟ್ಟಿದ್ದು ತಿಪಟೂರಿಗೆ.

ಅಣ್ಣ ಪ್ರತಿವರ್ಷ ರಾತ್ರಿ ರೈಲಿನಲ್ಲಿ ಬೆಂಗಳೂರಿಗೆ ಬಂದು, ಅಲ್ಲಿಂದ ಇನ್ನೊಂದು ರೈಲು ಹಿಡಿದು ತಿಪಟೂರು ಮುಟ್ಟುತ್ತಿದ್ದ. ಮಾರನೇ ದಿನ ಅದೇ ದಾರಿಯಲ್ಲಿ ನನ್ನನ್ನು ಕರೆದುಕೊಂಡು ವಾಪಸು. ಆ ರಾತ್ರಿ ನಾವಿಬ್ಬರೂ ಮಲಗುತ್ತಿರಲಿಲ್ಲ. ಅವನ ಸಾಲ, ನಮ್ಮ ಅತ್ತೆಯ ಸಿಟ್ಟು, ಸತ್ತುಹೋದ ಅವ್ವನ ಮಾತು, ಎಲ್ಲವೂ ಆ ಕೆಳಗಿನ ಬರ್ತಿನ ಮೇಲೆಯೇ. ಗುಂತಕಲ್ಲಿನಲ್ಲಿ ಚಹಾ. ರಾಯಚೂರು ದಾಟಿ ಕೃಷ್ಣೆಯ ಸೇತುವೆ ಬಂದಾಗ ಕಿಟಕಿಯಿಂದ ಒಂದೊಂದು ನಾಣ್ಯ ಹಾಕಿ ಕೈಮುಗಿಯುತ್ತಿದ್ದೆವು. ಮನೆಯಲ್ಲಿ ಮಕ್ಕಳು, ಬಂದುಹೋಗುವವರು, ಒಲೆಯ ಮುಂದಿನ ಕೆಲಸ, ಇವುಗಳ ನಡುವೆ ಅಣ್ಣನ ಹತ್ತಿರ ನಾಲ್ಕು ಮಾತು ಆಡಲು ಎಲ್ಲಿ ಪುರುಸೊತ್ತು?

2020ರಲ್ಲಿ ಕೊರೋನಾ. ಹೋಗಲಿಲ್ಲ. 2021ರಲ್ಲೂ ಇಲ್ಲ. ಆ ವರ್ಷ ದೀಪಾವಳಿಯ ಹೊತ್ತಿಗೆ ಅಣ್ಣನಿಗೆ ಪಾರ್ಶ್ವವಾಯು ಬಡಿಯಿತು. ಎಡಗೈ, ಎಡಗಾಲು ಬಿದ್ದುಹೋದವು. 2022ರ ಪಂಚಮಿಗೆ ತಿಂಗಳಿದೆ ಅನ್ನುವಾಗ ಫೋನು ಮಾಡಿದ. ಮಾತು ಸ್ವಲ್ಪ ತೊದಲುತ್ತಿತ್ತು. "ತಂಗೀ, ಈ ಸಲ ನಂಗ ಬರಾಕ ಆಗೂದಿಲ್ಲವ್ವ. ವಿಮಾನ ಕಳಸ್ತೀನಿ, ಬಾ."

ವಿಮಾನ ಕಳಿಸುತ್ತಾನಂತೆ! ನಮ್ಮವರು ನಕ್ಕರು. ನನಗೆ ನಗು ಬರಲಿಲ್ಲ.

ಕಲಬುರಗಿಗೆ ವಿಮಾನ ಶುರುವಾಗಿದ್ದು 2019ರ ನವೆಂಬರಿನಲ್ಲಿ. ಸಣ್ಣ ಊರುಗಳಿಗೆ ಕಡಿಮೆ ದರದಲ್ಲಿ ವಿಮಾನ ಓಡಿಸುವ ಸರ್ಕಾರದ 'ಉಡಾನ್' ಯೋಜನೆಯಲ್ಲಿ. ಅಣ್ಣನ ಮಗ ಮುಂಚೆಯೇ ಟಿಕೆಟ್ ಮಾಡಿಸಿದ್ದ. ಹದಿನೈದು ಕಿಲೋ ಸಾಮಾನಿಗೆ ಅವಕಾಶ. ಸೀರೆ ಎರಡೇ ಇಟ್ಟು, ಉಳಿದ ಜಾಗಕ್ಕೆ ಎರಡು ಕಿಲೋ ಕೊಬ್ಬರಿ ತುಂಬಿದೆ. ತಿಪಟೂರಿನವಳು ಪಂಚಮಿಗೆ ಕೊಬ್ಬರಿ ಇಲ್ಲದೆ ಹೋಗುವುದುಂಟೆ? ನಾಗಪ್ಪನಿಗೆ ಹಾಲೆರೆಯಲು ಕೊಬ್ಬರಿ ಗಿಟುಕು ಬೇಕು, ಉಂಡಿಗೆ ತುರಿ ಬೇಕು, ಮಕ್ಕಳಿಗೆ ತೂತು ಮಾಡಿ ದಾರ ಪೋಣಿಸಿ ಗಿರಗಿರ ತಿರುಗಿಸಲು ಬಟ್ಟಲು ಬೇಕು.

ಬೆಂಗಳೂರಿನ ನಿಲ್ದಾಣದಲ್ಲಿ ಕೌಂಟರಿನ ಹುಡುಗಿ "ಪೆಟ್ಟಿಗೆಯಲ್ಲಿ ಏನಿದೆ ಅಮ್ಮ?" ಎಂದಳು. ಸುಳ್ಳು ಹೇಳಲು ಬರಲಿಲ್ಲ. "ಕೊಬ್ಬರಿ ಒಯ್ಯುವ ಹಾಗಿಲ್ಲ. ಪೆಟ್ಟಿಗೆಯಲ್ಲೂ ಇಲ್ಲ, ಕೈಯಲ್ಲೂ ಇಲ್ಲ" ಎಂದಳು. ಅದರಲ್ಲಿ ಎಣ್ಣೆ ಹೆಚ್ಚು, ತಾನಾಗಿಯೇ ಬಿಸಿಯೇರಿ ಬೆಂಕಿ ಹತ್ತಬಹುದಂತೆ. ವಾದ ಮಾಡಲಿಲ್ಲ. ಹಸಿ ಸರಿಯಾಗಿ ಆರದ ಕೊಬ್ಬರಿಯನ್ನು ರಾಶಿ ಹಾಕಿದರೆ ಒಳಗೆ ಹೇಗೆ ಕಾವೇರುತ್ತದೆ ಎಂದು ನಮ್ಮೂರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಕಣ್ಣಲ್ಲಿ ನೀರು ಬಂತು.

ನೆಲ ಒರೆಸುತ್ತಿದ್ದ ಹೆಂಗಸಿಗೆ ಚೀಲ ಕೊಟ್ಟೆ. ಅವಳು ಬಿಚ್ಚಿ ನೋಡಿ, "ಪಂಚಮಿಗೇನ್ರಿ ಅಕ್ಕಾರ? ನಮ್ಮ ಹುಡುಗರೂ ಆಡ್ತಾವ್ರಿ" ಅಂದಳು. ಕೊಪ್ಪಳದ ಕಡೆಯವಳಂತೆ. ಊರಿಗೆ ಹೋಗಲು ರಜೆ ಸಿಕ್ಕಿರಲಿಲ್ಲ. ನನ್ನ ದುಃಖ ಅರ್ಧ ಅಲ್ಲೇ ಇಳಿಯಿತು.

ವಿಮಾನ ನಾನು ಅಂದುಕೊಂಡಂತೆ ಇರಲಿಲ್ಲ. ಎಪ್ಪತ್ತು ಜನರದ್ದು, ಹೆಚ್ಚುಕಡಿಮೆ ನಮ್ಮೂರ ಬಸ್ಸಿನಷ್ಟೇ ಅಗಲ. ಹತ್ತುವುದು ಹಿಂದಿನ ಬಾಗಿಲಿನಿಂದ, ನಾಲ್ಕಾರು ಮೆಟ್ಟಿಲು ಅಷ್ಟೆ. ರೆಕ್ಕೆ ನೆತ್ತಿಯ ಮೇಲೆ, ಎಡಕ್ಕೊಂದು ಬಲಕ್ಕೊಂದು ಆರು ಅಲಗಿನ ದೊಡ್ಡ ಪಂಖ. ಅದು ತಿರುಗತೊಡಗಿದಾಗ ಹಿಟ್ಟಿನ ಗಿರಣಿಯೊಳಗೆ ಕೂತ ಹಾಗಾಯಿತು. ಆಷಾಢ ಮುಗಿದರೂ ಮೋಡ ಮುಗಿದಿರಲಿಲ್ಲ, ಎರಡು ಸಲ ಜೋಕಾಲಿ ಜೀಕಿದ ಹಾಗೆ ಕೆಳಗೆ ಇಳಿಸಿ ಎತ್ತಿತು. ಪಕ್ಕದಲ್ಲಿ ಕೂತ ಹುಡುಗ ಕಿವಿಗೆ ವೈರು ಸಿಕ್ಕಿಸಿಕೊಂಡು ನಿದ್ದೆ ಹೋಗಿದ್ದ. ಯಾರ ಹತ್ತಿರ ಮಾತಾಡಲಿ?

ಮೋಡದ ಸಂದಿಯಲ್ಲಿ ಒಂದು ನದಿ ಕಂಡಿತು, ಕೆಂಪು ನೂಲಿನಂತೆ. ಕೃಷ್ಣೆಯೋ ಭೀಮೆಯೋ. ಅಭ್ಯಾಸಬಲದಿಂದ ಪರ್ಸಿನಿಂದ ನಾಣ್ಯ ತೆಗೆದಿದ್ದೆ. ಕಿಟಕಿ ತೆರೆಯುವ ಹಾಗಿಲ್ಲವಲ್ಲ! ಮುಷ್ಟಿಯಲ್ಲಿ ಹಿಡಿದುಕೊಂಡೇ ಕೂತೆ. ಸ್ವಲ್ಪ ಹೊತ್ತಿಗೆ ಇಳಿಯುತ್ತಿದ್ದೇವೆ ಎಂದರು. ಒಂದು ರಾತ್ರಿಯ ದಾರಿ ಒಂದೂಕಾಲು ಗಂಟೆಯಲ್ಲಿ ಮುಗಿದುಹೋಗಿತ್ತು.

ನಿಲ್ದಾಣ ಊರಿನಿಂದ ಹದಿನಾಲ್ಕು ಕಿಲೋಮೀಟರ್ ದೂರ, ಶ್ರೀನಿವಾಸ ಸರಡಗಿಯ ಹತ್ತಿರ. ಸುತ್ತ ತೊಗರಿ ಹೊಲ. ಅಣ್ಣನ ಮಗ ಬಂದಿರುತ್ತಾನೆ ಅಂದುಕೊಂಡು ಹೊರಗೆ ಬಂದರೆ ಆಟೋದಲ್ಲಿ ಅಣ್ಣ! ಕೋಲು ಊರಿಕೊಂಡು ಇಳಿಯಲು ಒದ್ದಾಡುತ್ತಿದ್ದ. ಇಳಿಯಬೇಡ ಅಂದರೂ ಕೇಳಲಿಲ್ಲ. ನಿಂತ. ಬಲಗೈಯಿಂದ ನನ್ನ ಪೆಟ್ಟಿಗೆಯ ಹಿಡಿ ಹಿಡಿದುಕೊಂಡು, "ಕರಿಯಾಕ ಬಂದೀನಿ" ಅಂದ.

ಆಟೋದವನಿಗೆ ನಿಧಾನ ಹೋಗಪ್ಪ ಎಂದು ಹೇಳಿದೆ. ನಾಣ್ಯ ಇನ್ನೂ ಕೈಯಲ್ಲೇ ಇತ್ತು, ತೋರಿಸಿದೆ. ಅಣ್ಣ ಬಾಯಿ ಸೊಟ್ಟ ಮಾಡಿಕೊಂಡು ನಕ್ಕ. ಕೊಬ್ಬರಿಯ ಕಥೆ ಹೇಳುವಷ್ಟರಲ್ಲಿ ಪೇಟೆ ಬಂತು. ಆಟೋ ನಿಲ್ಲಿಸಿ ಒಂದು ಕಿಲೋ ಕೊಬ್ಬರಿ ಕೇಳಿದೆ. ಕೈಯಲ್ಲಿ ಅಲುಗಾಡಿಸಿ, ಬಡಿದು ನೋಡಿ, "ಇದೇನ್ರಿ ಇಷ್ಟು ರೇಟು?" ಅಂದೆ.

"ತಗೊಳ್ರಿ ಅಕ್ಕಾರ," ಅಂದ ಅಂಗಡಿಯವ, "ತಿಪಟೂರು ಮಾಲು ಐತಿ."