ಎಷ್ಟು ದಿನ? (ನಮ್ಮೂರ ಮಾತು, ಭಾಗ 4)

ಫೋಟೋದಾಗ ಇರೋದು ನಮ್ಮ ಕಾಕಾನ ಕೈ. ಹೆಬ್ಬೆರಳು, ತೋರುಬೆರಳಿನ ನಡುವೆ ಗುಣಿ ಬಿದ್ದಂಗ ಕಾಣ್ತದಲ್ಲ, ಅಲ್ಲಿ ಮೊದಲು ಮಾಂಸ ಇತ್ತು. ಎತ್ತಿನ ಹಗ್ಗದ ಗಂಟು ಒಂದೇ ಕೈಯಾಗ ಬಿಚ್ಚೋ ಮನುಷ್ಯ ಅವರು. ಹೋದ ವರ್ಷ ಅಂಗಿ ಗುಂಡಿ ಹಾಕ್ಕೊಳ್ಳಲಿಕ್ಕೆ ಕಾಕುನ್ನ ಕರೀಲಿಕ್ಕೆ ಶುರು ಮಾಡಿದ್ರು.

ಬೀದರ್‌ನಿಂದ ರಾತ್ರಿಯಿಡೀ ರೈಲಿನಾಗ ಕೂತು ಬೆಂಗಳೂರಿಗೆ ಹೋಗಿ ತೋರಿಸಿದ್ವಿ. ಮೋಟಾರ್ ನ್ಯೂರಾನ್ ಕಾಯಿಲೆ, ಅದರಾಗ ಎಎಲ್‌ಎಸ್ ಅಂದ್ರು. ಸ್ನಾಯುಗಳಿಗೆ ಕೆಲಸ ಹೇಳೋ ನರಕೋಶಗಳು ಸಾಯ್ತಾ ಹೋಗ್ತವೆ. ಕೈ, ಕಾಲು, ಮಾತು, ನುಂಗೋದು, ಕೊನೆಗೆ ಉಸಿರು. ಗುಣ ಮಾಡೋ ಔಷಧ ಇನ್ನೂ ಇಲ್ಲ.

ಮನಿಗೆ ಬಂದ ರಾತ್ರಿ ಕಾಕು ಕೇಳಿದ್ರು: "ತಮ್ಮಾ, ಎಷ್ಟು ದಿನ ಅಂತ ಫೋನಿನಾಗ ನೋಡು."

ನಾನು ನೋಡಿದೆ. ಎಲ್ಲರ ಮುಂದೆ ಜೋರಾಗಿ ಓದಿಬಿಟ್ಟೆ: "2ರಿಂದ 5 ವರ್ಷ."

ಮುಂದಿನ ವಾರ ಮನ್ಯಾಗ ತಂಗಿಗೆ ವರ ಹುಡುಕೋ ಮಾತು. ಆಕಿಗೆ ಹದಿನೆಂಟು ತುಂಬಿ ಎರಡೇ ತಿಂಗಳು, ಸೆಕೆಂಡ್ ಪಿಯುಸಿ. "ಅಪ್ಪ ಇರೋದ್ರಾಗ ಮುಗಿಸಿಬಿಡೋಣ." ಆಕಿ ನನ್ನ ಕಡೆ ನೋಡಿದಳು, ಏನೂ ಅನ್ನಲಿಲ್ಲ.

ಈಗ ಬಿಕಾಂ ಗೆಳೆಯರೇ, ನಿಮಗೊಂದು ಪ್ರಶ್ನೆ. ಮೀಡಿಯನ್ ಅಂದ್ರೆ ಏನು? ಪರೀಕ್ಷೆಯಾಗ ಎಲ್ಲರೂ ಬರೀತೀವಿ. 101 ಮಂದೀನ ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ನಿಲ್ಲಿಸಿದ್ರೆ 51ನೆಯವರ ಲೆಕ್ಕ. ಅವರ ಮುಂದೆ ಇನ್ನೂ 50 ಮಂದಿ ಇದ್ದಾರ. ಇದು ಗೊತ್ತಿದ್ದೂ ನಾನು ಗುಂಪಿನ ಲೆಕ್ಕಾನ ಒಬ್ಬ ಮನುಷ್ಯನ ತಾರೀಖು ಮಾಡಿಬಿಟ್ಟಿದ್ದೆ.

ಆಮೇಲೆ ಸರಿಯಾಗಿ ಓದಿದೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನವರು 30 ವರ್ಷದಾಗ ನೋಡಿದ 1,153 ಎಎಲ್‌ಎಸ್ ರೋಗಿಗಳ ಲೆಕ್ಕ 2008ರಲ್ಲಿ ಪ್ರಕಟಿಸಿದ್ದಾರ. ಅದರಾಗ ಲಕ್ಷಣ ಶುರುವಾದಾಗಿಂದ ಮೀಡಿಯನ್ ಸುಮಾರು 115 ತಿಂಗಳು, ಅಂದ್ರೆ ಒಂಬತ್ತು ವರ್ಷಕ್ಕೂ ಜಾಸ್ತಿ. ಅದೇ ಕಾಯಿಲೆ, ಬೇರೆ ಗುಂಪು, ಬೇರೆ ಸಂಖ್ಯೆ. ಸಣ್ಣ ವಯಸ್ಸಿನಾಗ ಶುರುವಾದವರಿಗೆ ಸಾಮಾನ್ಯವಾಗಿ ನಿಧಾನ. ಮಾತು, ನುಂಗೋದ್ರಿಂದ ಶುರುವಾದ್ರೆ ಬೇಗ. ಸ್ಟೀಫನ್ ಹಾಕಿಂಗ್‌ಗೆ 1963ರಲ್ಲಿ, 21ನೇ ವಯಸ್ಸಿಗೆ, ಎರಡು ವರ್ಷ ಅಂದಿದ್ರು. 2018ರವರೆಗೆ ಬದುಕಿದ್ರು. ಆದ್ರೆ ಅಂಥವರು ಅಪರೂಪ, ಅದನ್ನೂ ಹೇಳಬೇಕು.

ಹಂಗಂತ ಕಾಕುಗೆ "ಒಂಬತ್ತು ವರ್ಷ" ಅಂತ ಹೇಳಿದ್ರೆ ಅದೂ ಸುಳ್ಳೇ ಆಗ್ತಿತ್ತು. ಎರಡು ಲೆಕ್ಕಾನೂ ಹೇಳಿದೆ. ಕಾಕಾ ಯಾವ ಜಾಗದಾಗ ನಿಂತಾರಂತ ಎರಡರಾಗೂ ಬರೆದಿಲ್ಲ ಅಂದೆ. ಕಾಕು ಬಹಳ ಹೊತ್ತು ಸುಮ್ಮನೆ ಕೂತ್ರು. "ಮತ್ತ ಅವತ್ತು ಯಾಕ ಹಂಗ ಓದಿದಿ?" ಅಂದ್ರು. ನನ್ನ ಹತ್ರ ಉತ್ತರ ಇರಲಿಲ್ಲ.

ಮದುವೆ ಮಾತು ಪರೀಕ್ಷೆ ಮುಗಿಯೋತನಕ ನಿಂತದ. ಅಷ್ಟೇ, ಪೂರ್ತಿ ಹೋಗಿಲ್ಲ.

ಡಾಕ್ಟರ್ ಹತ್ರ ಈಗ ನಾವು ಕೇಳೋ ಪ್ರಶ್ನೆ ಬೇರೆ. ಉಸಿರಿನ ಶಕ್ತಿ ಹೋದ ಸಲಕ್ಕಿಂತ ಎಷ್ಟು ಇಳಿದದ? ರಾತ್ರಿ ಉಸಿರಿಗೆ ಬೈಪ್ಯಾಪ್ ಮಷೀನ್ ಯಾವಾಗ ಬೇಕಾಗ್ತದ? ನುಂಗೋದು ಕಷ್ಟ ಆದ್ರೆ ಹೊಟ್ಟೆಗೆ ನಳಿಗೆ ಯಾವಾಗ? ಉಸಿರಿನ ಮಷೀನು ಹೊತ್ತಿಗೆ ಸಿಕ್ಕರೆ ಬಹಳ ಮಂದಿಗೆ ಆಯುಷ್ಯ ಹೆಚ್ತದ, ನಿದ್ದೆನೂ ಬರ್ತದ. ರಿಲುಜೋಲ್ ಗುಳಿಗೆ ಕೆಲವು ತಿಂಗಳು ಕೊಡ್ತದ.

ಮೊನ್ನೆ ಇದನ್ನೆಲ್ಲ ಕಾಕಾಗೂ ಹೇಳಲಿಕ್ಕೆ ಹೋದೆ. ಅರ್ಧಕ್ಕೇ ತಡೆದ್ರು.

"ವರ್ಷದ ಲೆಕ್ಕ ಬಿಡು. ಎಳ್ಳಮಾಸಿಗೆ ನನ್ನ ಹೊಲಕ್ಕ ಹ್ಯಾಂಗ ಕರ್ಕೊಂಡು ಹೋಗ್ತಿ, ಅದು ಹೇಳು."

ಬದುವಿನ ಮ್ಯಾಲ ಗಾಲಿಕುರ್ಚಿ ಹೋಗಂಗಿಲ್ಲ. ಟ್ರ್ಯಾಕ್ಟರ್ ಟ್ರಾಲಿಯಾಗ ಕುರ್ಚಿ ಕಟ್ಟಬೇಕು. ಊರಾಗ ಇರೋ ಗೆಳೆಯರು ಅವತ್ತು ಬರ್ರಿ, ಎತ್ತಲಿಕ್ಕೆ ನಾಲ್ಕು ಮಂದಿ ಬೇಕು. ಭಜ್ಜಿ, ಅಂಬಲಿ ನಮ್ಮದು.

#ಮನ್ನಳ್ಳಿ #ಬೀದರ್ #ನಮ್ಮೂರಮಾತು